ಕಕ್ಕಡದ ಮಳೆಯಲ್ಲಿ ಒಂದು ಗೆರೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ಹತ್ತಿರ ಮನೆಯಲ್ಲೇ ಎಚ್‌ಐವಿ ಪರೀಕ್ಷೆ ಮಾಡಿಕೊಳ್ಳುವ ಎರಡು ಕಿಟ್ ಇತ್ತು. ಒಂದನ್ನು ಕೈಯಾರೆ ಹಾಳು ಮಾಡಿದೆ. ಆ ಹಾಳು ಮಾಡಿದ್ದರ ಕಥೆಯೇ ಇಲ್ಲಿ ಜಾಸ್ತಿ ಇದೆ.

ನಾನು ತೋಟದ ರೈಟರ್. ಕೊಡಗಿನ ಮಾದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ಚೆಕ್‌ರೋಲ್, ಅಂದರೆ ಕೆಲಸದವರ ಹಾಜರಿ ಪುಸ್ತಕ ಬರೆಯುವುದು, ಗೊಬ್ಬರ ಔಷಧಿಯ ಲೆಕ್ಕ ಇಡುವುದು, ಬೆಳಗ್ಗೆ ಎಂಟಕ್ಕೆ ಮಳೆ ಅಳೆದು ಇಷ್ಟು ಇಂಚು ಇಷ್ಟು ಸೆಂಟು ಅಂತ ಪುಸ್ತಕಕ್ಕೆ ಏರಿಸುವುದು ನನ್ನ ಕೆಲಸ. ಎಂಟಕ್ಕೆ ಅಂದರೆ ಎಂಟಕ್ಕೇ. ಹತ್ತು ಗಂಟೆಗೆ ಅಳೆದರೆ ಅದು ನಿನ್ನೆಯ ಮಳೆಯಲ್ಲ, ಇವತ್ತಿನದೂ ಸೇರಿರುತ್ತದೆ. ಹನ್ನೊಂದು ವರ್ಷದಿಂದ ಇದನ್ನು ಮಾಡುತ್ತಿರುವ ನಾನೇ ಹೊತ್ತಿನ ವಿಷಯದಲ್ಲಿ ತಪ್ಪು ಮಾಡಿದೆ ಅನ್ನುವುದು ಈಗ ನಗು ತರಿಸುತ್ತದೆ. ಆಗ ತರಿಸಿರಲಿಲ್ಲ.

ಏಪ್ರಿಲ್ 20ಕ್ಕೆ ಬೆಂಗಳೂರಿನಲ್ಲಿ ಒಂದು ಮದುವೆ. ಹೋದೆ. ಆ ರಾತ್ರಿ ಒಬ್ಬರ ಜೊತೆ ಇದ್ದೆ, ಕಾಂಡೋಮ್ ಇರಲಿಲ್ಲ. ಯಾರು, ಏನು ಎಂಬುದು ಇಲ್ಲಿ ಬೇಡ. ಅವರದ್ದೂ ಒಂದು ಬದುಕು ಇದೆ. ಊರಿಗೆ ಬಂದ ಮೇಲೆ ಒಂದು ವಾರ ಏನೂ ಅನ್ನಿಸಲಿಲ್ಲ. ಮೇ ತಿಂಗಳ ಮೊದಲಲ್ಲಿ ಸಣ್ಣಗೆ ಜ್ವರ ಬಂತು, ಗಂಟಲು ನೋವು. ಅವತ್ತು ಫೋನಿನಲ್ಲಿ ಏನೇನೋ ಹುಡುಕಿದೆ. ಹುಡುಕಬಾರದಿತ್ತು. ಅಷ್ಟು ಹೊತ್ತಿಗೆ ಮನೆಯಲ್ಲಿ ನನಗೆ ಹೆಣ್ಣು ನೋಡುವ ಮಾತು ಶುರುವಾಗಿತ್ತು. ಅಮ್ಮ ಯಾರದ್ದೋ ಫೋಟೊ ತೋರಿಸಿದರೆ ನಾನು ಫೋಟೊ ನೋಡುತ್ತಿರಲಿಲ್ಲ, ಹೊಟ್ಟೆಯೊಳಗೆ ಏನೋ ಕಲಸುತ್ತಿತ್ತು.

ಪರೀಕ್ಷೆ ಮಾಡಿಸಿಕೊಂಡರೆ ಮುಗಿಯಿತಲ್ಲ ಅನ್ನಬಹುದು. ನಮ್ಮ ಪೇಟೆಯನ್ನು ನೀವು ನೋಡಿಲ್ಲ. ಲ್ಯಾಬಿನಲ್ಲಿ ಕೂತಿರುವ ಹುಡುಗ ನಮ್ಮ ಅತ್ತೆಯ ಊರಿನವನು. ಮೆಡಿಕಲ್ ಶಾಪಿನವರಿಗೆ ಅಮ್ಮನ ಬಿಪಿ ಮಾತ್ರೆಯ ಹೆಸರು ಬಾಯಿಪಾಠ. ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಹತ್ತು ನಿಮಿಷ ಕೂತರೆ ಸಾಕು, "ಏನು ರೈಟರೇ, ಹುಷಾರಿಲ್ವಾ?" ಅಂತ ನಾಲ್ಕು ಜನ ಕೇಳಿರುತ್ತಾರೆ. ಅದರಲ್ಲಿ ಇಬ್ಬರು ನಮ್ಮ ತೋಟದ ಲೈನ್ ಮನೆಯಲ್ಲಿರುವ ಕೆಲಸದವರೇ.

ಹಾಸ್ಟೆಲಿನಲ್ಲಿ ಜೊತೆಗಿದ್ದ ಗೆಳೆಯನೊಬ್ಬ ಮೈಸೂರಿನಲ್ಲಿ ಎಚ್‌ಐವಿ ಆಪ್ತ ಸಮಾಲೋಚಕ. ಮೂರು ದಿನ ಯೋಚಿಸಿ ಅವನಿಗೆ ಫೋನ್ ಮಾಡಿದೆ. ನಮ್ಮ ತೋಟದಲ್ಲಿ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಮಾತ್ರ. ಅಲ್ಲಿ ನಿಂತು ಮಾತಾಡಿದರೆ ಯಾರಿಗೂ ಅನುಮಾನ ಬರುವುದಿಲ್ಲ, ಎಲ್ಲರೂ ಅಲ್ಲೇ ನಿಂತು ಮಾತಾಡುವುದು.

"ಯಾವತ್ತು ಆಗಿದ್ದು?" ಅಂದ.

"ಏಪ್ರಿಲ್ 20."

"ಇವತ್ತು ಮೇ 12. ಮೂರು ದಿನದೊಳಗೆ ಹೇಳಿದ್ರೆ ಬೇರೆ ದಾರಿ ಇತ್ತು ಮಾರಾಯ."

ಆ ದಾರಿಯ ಹೆಸರು ಪೆಪ್. ಇಂಥದ್ದೇನಾದರೂ ಆದ ಮೇಲೆ 72 ಗಂಟೆಯೊಳಗೆ ಶುರು ಮಾಡಿ 28 ದಿನ ನುಂಗುವ ಮಾತ್ರೆ. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. 72 ಗಂಟೆ ದಾಟಿದರೆ ಅದರಿಂದ ಉಪಯೋಗವಿಲ್ಲ. ನನಗೆ ಆ ಹೆಸರು ಗೊತ್ತಾದದ್ದೇ 22ನೇ ದಿನ. ಓದುವವರಲ್ಲಿ ಯಾರಿಗಾದರೂ ಇವತ್ತು ಎರಡನೇ ದಿನವೋ ಮೂರನೇ ದಿನವೋ ಆಗಿದ್ದರೆ, ಇದನ್ನು ಇಲ್ಲಿಗೇ ಬಿಟ್ಟು ಆಸ್ಪತ್ರೆಗೆ ಹೊರಡಿ.

ಸರಿ, ಕಿಟ್ ಕಳಿಸು, ನಾಳೆಯೇ ಮಾಡಿಕೊಳ್ಳುತ್ತೇನೆ ಅಂದೆ. ಅವನು ನಕ್ಕ. ನಮ್ಮ ಕಡೆಯವನೇ ಆದ್ದರಿಂದ ನಮ್ಮ ಕಡೆಯ ಮಾತಲ್ಲೇ ಹೇಳಿದ: "ತೋಟಕ್ಕೆ ಆನೆ ಬಂದಿದೆಯಾ ಅಂತ ಈ ಕಿಟ್ ನೋಡಲ್ಲ. ಆನೆ ಬಂದಿದ್ದಕ್ಕೆ ನಾಯಿ ಬೊಗಳಿತಾ ಅಂತ ನೋಡುತ್ತೆ. ನಾಯಿ ಏಳೋಕೆ ಹೊತ್ತು ಬೇಕು."

ಅಂದರೆ, ಮನೆಯಲ್ಲಿ ಮಾಡಿಕೊಳ್ಳುವ ಕಿಟ್ ಹುಡುಕುವುದು ವೈರಸ್ಸನ್ನಲ್ಲ. ವೈರಸ್ ಬಂದಾಗ ನಮ್ಮ ಮೈ ಅದರ ವಿರುದ್ಧ ಕಟ್ಟಿಕೊಳ್ಳುವ ಪ್ರತಿಕಾಯಗಳನ್ನು. ಅವು ಕಿಟ್ಟಿಗೆ ಸಿಗುವಷ್ಟು ಆಗಲು ಕೆಲವರಿಗೆ ಕೆಲವು ವಾರ ಸಾಕು, ಕೆಲವರಿಗೆ ಮೂರು ತಿಂಗಳು ಬೇಕು. ಈ ನಡುವಿನ ಹೊತ್ತಿಗೆ ವಿಂಡೋ ಪೀರಿಯಡ್ ಅನ್ನುತ್ತಾರೆ. ಅದರೊಳಗೆ ಮಾಡಿಕೊಂಡರೆ ಆನೆ ತೋಟದ ಒಳಗೇ ನಿಂತಿದ್ದರೂ ನಾಯಿ ಮಲಗಿರಬಹುದು. ನೆಗೆಟಿವ್ ಬಂತು ಅಂತ ನಾವೂ ಮಲಗುತ್ತೇವೆ. ಏಪ್ರಿಲ್ 20ರಿಂದ 90 ದಿನ ಎಣಿಸಿದರೆ ಜುಲೈ 19. ಅಲ್ಲಿಯವರೆಗೆ ಯಾರ ಜೊತೆಯೂ ಕಾಂಡೋಮ್ ಇಲ್ಲದೆ ಇರಬೇಡ, ರಕ್ತ ಕೊಡಬೇಡ ಅಂದ. ಜ್ವರ ಬಂದದ್ದರಿಂದ ಹೌದು ಅಂತಲೂ ಇಲ್ಲ ಅಂತಲೂ ಹೇಳೋಕಾಗಲ್ಲ, ಮೇ ತಿಂಗಳಲ್ಲಿ ಕೊಡಗಿನ ಅರ್ಧ ಜನಕ್ಕೆ ಜ್ವರ ಬರುತ್ತದೆ ಅಂತಲೂ ಅಂದ. ಕಾಯೋಕೆ ಆಗದಿದ್ದರೆ ಈಗಲೇ ಆಸ್ಪತ್ರೆಗೆ ಹೋಗಿ ಒಂದು ಸಲ ಮಾಡಿಸು, ಜುಲೈ ಕಳೆದ ಮೇಲೆ ಮತ್ತೆ ಮಾಡಿಸು ಅಂದದ್ದಕ್ಕೆ ನಾನೇ ಒಪ್ಪಲಿಲ್ಲ. ಬೆಂಚಿನ ಭಯ.

ಕಾದೆ. ಆ ಎರಡು ತಿಂಗಳ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಚೆಕ್‌ರೋಲಿನ ಮೂಲೆಯಲ್ಲಿ ಪೆನ್ಸಿಲಿನಿಂದ ದಿನದ ಲೆಕ್ಕ ಹಾಕುತ್ತಿದ್ದೆ. ಒಂದು ರಾತ್ರಿ ತಡೆಯಲಾರದೆ 1097ಕ್ಕೆ ಫೋನ್ ಮಾಡಿದೆ, ಅದು ದುಡ್ಡು ಹತ್ತದ ಸಹಾಯವಾಣಿ. ಕನ್ನಡದಲ್ಲೇ ಮಾತಾಡಿದರು, ಹೆಸರು ಕೇಳಲಿಲ್ಲ. ಗೆಳೆಯ ಹೇಳಿದ್ದನ್ನೇ ಅವರೂ ಹೇಳಿದರು. ಆದರೂ ಗುರುತಿಲ್ಲದವರ ಬಾಯಲ್ಲಿ ಕೇಳಿದಾಗ ಸ್ವಲ್ಪ ನಿದ್ದೆ ಬಂತು.

ಜುಲೈ ಮೊದಲ ವಾರ ಪಾರ್ಸೆಲ್ ಬಂತು. ಮೇಲೆ ಏನೂ ಬರೆದಿಲ್ಲದ ಖಾಕಿ ಡಬ್ಬಿ. ಒಳಗೆ ಎರಡು ಕಿಟ್. ಒಂದು ಬೆರಳು ಚುಚ್ಚಿ ರಕ್ತದಲ್ಲಿ ಮಾಡುವುದು, ಇನ್ನೊಂದು ವಸಡಿನ ಮೇಲೆ ಸವರಿ ಮಾಡುವುದು. ಜೊತೆಗೆ ಅವನ ಕೈಬರಹದ ಚೀಟಿ: ದಿನಾಂಕ ನೋಡು, ಮೊದಲು ಪೂರ್ತಿ ಓದು, ಚೀಲ ಮೊದಲೇ ಒಡೆಯಬೇಡ. ಎಕ್ಸ್‌ಪೈರಿ ನೋಡಿದೆ, ಇನ್ನೂ ಇತ್ತು. ಬಿಸಿ ಜಾಗದಲ್ಲಿ ಇಡಬಾರದು, 30 ಡಿಗ್ರಿ ಮೀರಬಾರದು ಅಂತ ಡಬ್ಬಿಯ ಮೇಲೇ ಇತ್ತು. ಮನೆಯಲ್ಲಿ ಯಾರ ಕಣ್ಣಿಗೂ ಬೀಳದ ಒಂದೇ ಜಾಗ ಅಂದರೆ ಒಲೆಯ ಮೇಲಿನ ಅಟ್ಟ. ಅದು ಬಿಸಿ, ಮೆಣಸು ಒಣಗಿಸುವ ಜಾಗ. ಕೊನೆಗೆ ಆಫೀಸಿನಲ್ಲಿ ಹಳೆಯ ಮಳೆ ಪುಸ್ತಕಗಳ ಕಪಾಟಿನಲ್ಲಿ ಇಟ್ಟೆ. ಆ ಪುಸ್ತಕಗಳನ್ನು ನನ್ನ ಬಿಟ್ಟು ಯಾರೂ ಮುಟ್ಟುವುದಿಲ್ಲ.

ಚೀಟಿಯ ಮೂರನೇ ಮಾತನ್ನೇ ನಾನು ಮೀರಿದ್ದು.

ಜುಲೈ 21, ತೊಂಬತ್ತೆರಡನೇ ದಿನ. ಕೊಡಗಿನ ಜೋರು ಮಳೆಯ ತಿಂಗಳು ಕಕ್ಕಡ ಶುರುವಾಗಿ ನಾಲ್ಕೈದು ದಿನ. ಆ ಮಳೆ ಕಂಡವರಿಗೆ ಗೊತ್ತು, ಬಟ್ಟೆ ಒಣಗುವುದಿಲ್ಲ, ಉಪ್ಪು ಡಬ್ಬಿಯಲ್ಲೇ ನೀರಾಗುತ್ತದೆ, ಗೋಡೆಗೆ ಬೂಸ್ಟು. ಮಧ್ಯಾಹ್ನ ಊಟಕ್ಕೆ ಎಲ್ಲರೂ ಹೋದಾಗ ರಕ್ತದ ಕಿಟ್ ತೆಗೆದೆ. ಸುಮ್ನೆ ಒಳಗೆ ಏನೇನಿದೆ ನೋಡೋಣ ಅಂತ ಬೆಳ್ಳಿ ಬಣ್ಣದ ಚೀಲವನ್ನೇ ಹರಿದೆ. ಬಿಳಿ ಪ್ಲಾಸ್ಟಿಕ್ ಪಟ್ಟಿ, ಅದರಲ್ಲೊಂದು ಕಿಟಕಿ, ಪಕ್ಕದಲ್ಲಿ ಸಿ, ಟಿ ಅನ್ನುವ ಎರಡು ಅಕ್ಷರ. ಕೆಳಗೆ ರಕ್ತ ಬಿಡುವ ಸಣ್ಣ ಗುಳಿ. ಜೊತೆಗೆ ತೇವ ಹೀರುವ ಪುಟ್ಟ ಪೊಟ್ಟಣ. ಎಲ್ಲ ನೋಡಿ, ಹಾಗೇ ಮಡಚಿ ಜೇಬಿಗೆ ಹಾಕಿಕೊಂಡೆ. ಆ ಪೊಟ್ಟಣವನ್ನು ಯಾಕೆ ಇಟ್ಟಿದ್ದಾರೆ ಅಂತ ಒಂದು ಕ್ಷಣವೂ ಯೋಚಿಸಲಿಲ್ಲ. ಇಡೀ ಸಂಜೆ ಆ ಪಟ್ಟಿ ಒದ್ದೆ ಜರ್ಕಿನ್ ಜೇಬಿನಲ್ಲಿ ಕಕ್ಕಡದ ಗಾಳಿ ಕುಡಿಯುತ್ತಾ ಕೂತಿತ್ತು.

ರಾತ್ರಿ ಅಮ್ಮ ಮಲಗಿದ ಮೇಲೆ ರೂಮಿನ ಬಾಗಿಲು ಹಾಕಿಕೊಂಡೆ. ಕರೆಂಟ್ ಇರಲಿಲ್ಲ. ಫೋನಿನ ಟಾರ್ಚನ್ನು ಲೋಟಕ್ಕೆ ಒರಗಿಸಿ ಇಟ್ಟೆ. ಕೈ ತಣ್ಣೀರಿನಲ್ಲಿ ತೊಳೆದೆ. ಇದು ಎರಡನೇ ತಪ್ಪು. ಬಚ್ಚಲ ಹಂಡೆಯಲ್ಲಿ ಬಿಸಿನೀರು ಇತ್ತು, ಆದರೆ ಅಲ್ಲಿಗೆ ಹೋದರೆ ಅಮ್ಮನಿಗೆ ಎಚ್ಚರ ಆಗುತ್ತದೆ ಅಂತ ಹೋಗಲಿಲ್ಲ. ಸ್ಪಿರಿಟ್ ಹತ್ತಿಯಲ್ಲಿ ಎಡಗೈ ಉಂಗುರ ಬೆರಳು ಒರೆಸಿದೆ. ಒಣಗಲು ಬಿಡಬೇಕಿತ್ತು, ಬಿಡಲಿಲ್ಲ. ಸೂಜಿಯ ಮುಚ್ಚಳ ತೆಗೆದು ಬೆರಳಿಗೆ ಒತ್ತಿದೆ. ಟಕ್ ಅಂತ ಸದ್ದು. ನೋವು ಅಷ್ಟೇನಿಲ್ಲ, ಜಿಗಣೆ ಕಿತ್ತಾಗ ಆಗುವಷ್ಟೂ ಇಲ್ಲ.

ರಕ್ತ ಬರಲಿಲ್ಲ.

ಬಂತು ಅನ್ನಬೇಕು, ರಾಗಿ ಕಾಳಿನಷ್ಟು. ದಿನವಿಡೀ ಮಳೆಯಲ್ಲಿ ನೆಂದ ಬೆರಳು ತಣ್ಣಗೆ ಬಿಳಿಚಿಕೊಂಡಿತ್ತು. ಮೊದಲ ಹನಿಯನ್ನು ಒರೆಸಿ ಎರಡನೆಯದನ್ನು ತೆಗೆದುಕೊಳ್ಳಬೇಕು ಅಂತ ಹಾಳೆಯಲ್ಲಿತ್ತು. ಎರಡನೆಯದು ಬಂದರೆ ತಾನೆ? ಬೆರಳ ತುದಿಯನ್ನು ಗಟ್ಟಿಯಾಗಿ ಹಿಂಡಿದೆ. ಕೊಳವೆಯಲ್ಲಿ ಗುರುತಿನ ಗೆರೆಯವರೆಗೆ ರಕ್ತ ತುಂಬಬೇಕು, ಅರ್ಧವೂ ಆಗಲಿಲ್ಲ. ಸಾಕು ಬಿಡು ಅಂತ ಅಷ್ಟನ್ನೇ ಗುಳಿಗೆ ಬಿಟ್ಟೆ. ಆಮೇಲೆ ಪುಟ್ಟ ಬಾಟಲಿಯ ದ್ರವದ ಹನಿ ಹಾಕಿದೆ, ಹೊತ್ತು ನೋಡಿದೆ. ನನ್ನ ಕಿಟ್ಟಿಗೆ ಹದಿನೈದು ನಿಮಿಷ, ಇಪ್ಪತ್ತು ದಾಟಿದ ಮೇಲೆ ಓದಬಾರದು. ಡಬ್ಬಿ ಬೇರೆಯಾದರೆ ಈ ಹೊತ್ತೂ ಬೇರೆ, ಹನಿಯ ಲೆಕ್ಕವೂ ಬೇರೆ. ನಿಮ್ಮ ಡಬ್ಬಿಯ ಹಾಳೆಯಲ್ಲಿ ಏನಿದೆಯೋ ಅದೇ ಸರಿ.

ಹದಿನೈದು ನಿಮಿಷ ಆಯಿತು. ಕಿಟಕಿ ಖಾಲಿ. ಇಪ್ಪತ್ತಾಯಿತು. ಒಂದು ಗೆರೆಯೂ ಇಲ್ಲ.

ಗೆರೆ ಇಲ್ಲ ಅಂದರೆ ಏನೂ ಇಲ್ಲ ಅಂತ ನನ್ನ ತಲೆ ಹೇಳಿತು. ನಿಜ ಹೇಳುತ್ತೇನೆ, ಖುಷಿಯಲ್ಲಿ ಕಣ್ಣಲ್ಲಿ ನೀರು ಬಂತು. ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿ ಮಲಗಿದೆ. ಅರ್ಧ ನಿದ್ದೆಯಲ್ಲಿ ಒಂದು ಅನುಮಾನ ಬಂತು. ಏನೂ ಇಲ್ಲದಿದ್ದರೆ ಆ ಸಿ ಅಕ್ಷರ ಯಾಕೆ ಇದೆ? ಎದ್ದು ಹಾಳೆ ಓದಿದೆ. ಸಿ ಗೆರೆ ಅಂದರೆ ಕಿಟ್ ಕೆಲಸ ಮಾಡಿದೆ ಅನ್ನುವ ಗುರುತು. ಅದು ಬರಲೇಬೇಕು. ಅದು ಬಾರದಿದ್ದರೆ ನೆಗೆಟಿವ್ವೂ ಅಲ್ಲ, ಪಾಸಿಟಿವ್ವೂ ಅಲ್ಲ. ಪರೀಕ್ಷೆಯೇ ಆಗಿಲ್ಲ ಅಂತ ಲೆಕ್ಕ.

ಅಷ್ಟಕ್ಕೆ ಬಿಡಬೇಕಿತ್ತು. ಬೆಳಗ್ಗೆ ಐದಕ್ಕೆ ಎದ್ದವನು ಮಂಚದ ಕೆಳಗಿಂದ ಅದನ್ನು ಎಳೆದು ಮತ್ತೆ ನೋಡಿದೆ. ಕಿಟಕಿಯಲ್ಲಿ ಟಿ ಅಕ್ಷರದ ಎದುರಿಗೆ ತೆಳ್ಳಗೆ ಗುಲಾಬಿ ಬಣ್ಣದ್ದೇನೋ ಕಂಡಿತು. ಕೈ ಕಾಲು ತಣ್ಣಗಾಯಿತು. ಕೊಡೆ ಹಿಡಿದು ಕಣಕ್ಕೆ ಓಡಿದೆ. ಗೆಳೆಯನಿಗೆ ನಿದ್ದೆಗಣ್ಣು.

"ಎಷ್ಟು ಹೊತ್ತಿಗೆ ಹಾಕಿದ್ದು?"

"ನಿನ್ನೆ ಹತ್ತೂವರೆಗೆ."

"ಈಗ ಐದೂವರೆ. ಏಳು ಗಂಟೆ ಕಳೆದ ಮೇಲೆ ಓದ್ತಿದ್ದೀಯಲ್ಲ! ನಿಮ್ಮ ಮಳೆ ಅಳೆಯೋದು ಹೀಗೇನಾ?"

ಹೊತ್ತು ಮೀರಿದ ಪಟ್ಟಿ ಒಣಗುವಾಗ ಏನೇನೋ ಕಲೆ ಬರುತ್ತದೆ, ಅದಕ್ಕೆ ಬೆಲೆಯಿಲ್ಲ ಅಂದ. ಅದರ ಮೇಲೆ ಸಿ ಗೆರೆ ಮೊದಲೇ ಬಂದಿರಲಿಲ್ಲ, ಅದು ಆಗಲೇ ಸತ್ತ ಪಟ್ಟಿ. ಆದರೆ ಇದನ್ನು ತಿರುಗಿಸಿ ತಪ್ಪು ತಿಳಿಯಬೇಡ ಅಂತಲೂ ಹೇಳಿದ. ಹೇಳಿದ ಹೊತ್ತಿನೊಳಗೆ, ಸಿ ಗೆರೆಯ ಜೊತೆಗೆ ಟಿ ಗೆರೆ ಎಷ್ಟೇ ತೆಳ್ಳಗೆ ಬಂದರೂ ಅದನ್ನು ಪಾಸಿಟಿವ್ ಎಂದೇ ಹಿಡಿದು ಆಸ್ಪತ್ರೆಗೆ ಹೋಗಬೇಕು. ತೆಳು ಅಂತ ಬಿಡುವ ಹಾಗಿಲ್ಲ. ನನ್ನ ತಪ್ಪುಗಳನ್ನು ಒಂದೊಂದಾಗಿ ಕೇಳಿಸಿಕೊಂಡ. ಚೀಲ ಒಡೆದದ್ದು, ತಣ್ಣನೆಯ ಕೈ, ಅರ್ಧ ಕೊಳವೆ ರಕ್ತ. ಯಾವುದರಿಂದ ಕೆಟ್ಟಿತು ಅಂತ ಹೇಳೋಕಾಗಲ್ಲ, ಮೂರೂ ಸೇರಿದರೆ ಕೆಡದೆ ಇರುತ್ತಾ ಅಂದ. ಚೀಲ ಒಡೆದ ತಕ್ಷಣ ಶುರು ಮಾಡಬೇಕು. ಬೆಚ್ಚಗಿನ ನೀರಲ್ಲಿ ಕೈ ತೊಳೆದು ಚೆನ್ನಾಗಿ ಒರೆಸಿ, ಕೈಯನ್ನು ಸೊಂಟದ ಕೆಳಗೆ ಇಳಿಬಿಟ್ಟು ಸ್ವಲ್ಪ ಹೊತ್ತು ಅಲ್ಲಾಡಿಸಬೇಕು. ಬೆರಳ ತುದಿಯ ನಡುವೆ ಅಲ್ಲ, ಪಕ್ಕಕ್ಕೆ ಚುಚ್ಚಬೇಕು. ಬರೀ ತುದಿಯನ್ನು ಹಿಂಡದೆ ಅಂಗೈ ಕಡೆಯಿಂದ ನಿಧಾನಕ್ಕೆ ಒತ್ತಿಕೊಂಡು ಬರಬೇಕು. ಹಸು ಕರೆದವನಿಗೆ ಇದು ಹೇಳಿಕೊಡಬೇಕಾ ಅಂದ. ಹೇಳಿಕೊಡಬೇಕಿತ್ತು.

ಇನ್ನೊಂದು ಕಿಟ್ಟನ್ನು ಅವತ್ತೇ ಮಾಡಲಿಲ್ಲ. ಮಾಡಬಹುದಿತ್ತು, ಆದರೆ ನಡುಗುವ ಕೈಯಲ್ಲಿ ಬೇಡ ಅಂತ ಅವನೇ ತಡೆದ. ಎರಡು ಗೆರೆ ಬಂದರೆ ಏನು ಮಾಡ್ತೀಯ ಅಂತ ಮೊದಲು ಬರೆದಿಟ್ಟುಕೋ, ಆಮೇಲೆ ಮಾಡು ಅಂದ. ಬರೆದೆ. ಮಳೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಮೂರೇ ಸಾಲು. ಅವನಿಗೆ ಫೋನ್ ಮಾಡುವುದು. ಮಾರನೆಯ ದಿನ ಮೊದಲ ಬಸ್ಸಿಗೆ ಮಡಿಕೇರಿ ಜಿಲ್ಲಾ ಆಸ್ಪತ್ರೆಯ ಐಸಿಟಿಸಿಗೆ, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷೆಯ ಕೇಂದ್ರಕ್ಕೆ ಹೋಗುವುದು. ಅಲ್ಲಿಯವರೆಗೆ ಇಂಟರ್ನೆಟ್ಟಿನಲ್ಲಿ ಏನೂ ಹುಡುಕದಿರುವುದು.

ಯಾಕೆಂದರೆ ಮನೆಯ ಕಿಟ್ಟಿನ ಎರಡು ಗೆರೆ ಕೊನೆಯ ಮಾತಲ್ಲ. ಐಸಿಟಿಸಿಯಲ್ಲಿ ರಕ್ತ ತೆಗೆದು, ಒಂದರಲ್ಲಿ ಪಾಸಿಟಿವ್ ಬಂದರೆ ಬೇರೆ ಬೇರೆ ಬಗೆಯ ಇನ್ನೆರಡು ಕಿಟ್ಟಿನಲ್ಲಿ ನೋಡುತ್ತಾರೆ. ಮೂರೂ ಪಾಸಿಟಿವ್ ಬಂದರೆ ಮಾತ್ರ ಎಚ್‌ಐವಿ ಇದೆ ಅನ್ನುತ್ತಾರೆ. ಇದ್ದರೂ ಮಾತ್ರೆ ಸರ್ಕಾರದ್ದೇ, ಪುಕ್ಕಟೆ, ಹೆಚ್ಚಿನವರಿಗೆ ದಿನಕ್ಕೊಂದು. ಸರಿಯಾಗಿ ನುಂಗಿ ರಕ್ತದಲ್ಲಿ ವೈರಸ್ ಲೆಕ್ಕಕ್ಕೆ ಸಿಗದಷ್ಟು ಇಳಿದು ಹಾಗೇ ಉಳಿದರೆ, ಜೊತೆಗಿರುವವರಿಗೆ ಸಂಭೋಗದಿಂದ ದಾಟುವುದಿಲ್ಲ. ಈ ಕೊನೆಯ ಮಾತನ್ನು ನಾನು ಅವನಿಂದ ಮೂರು ಸಲ ಹೇಳಿಸಿದೆ. ನನ್ನ ತಲೆಯಲ್ಲಿ ಇದ್ದದ್ದು ಚಿಕ್ಕಂದಿನಲ್ಲಿ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ನೋಡಿದ ತಲೆಬುರುಡೆಯ ಚಿತ್ರ. 1986ರಲ್ಲಿ ಚೆನ್ನೈಯಲ್ಲಿ ಸುನೀತಿ ಸೋಲೊಮನ್ ಅವರ ತಂಡ ನಮ್ಮ ದೇಶದ ಮೊದಲ ಎಚ್‌ಐವಿ ಪ್ರಕರಣಗಳನ್ನು ಗುರುತಿಸಿದಾಗ ಕೊಡಲು ಮಾತ್ರೆಯೇ ಇರಲಿಲ್ಲ. ಕಾಯಿಲೆ ಅಲ್ಲಿಂದ ಎಷ್ಟೋ ಮುಂದೆ ಬಂದಿದೆ, ನನ್ನ ಭಯ ಮಾತ್ರ ಆ ಗೋಡೆಯ ಹತ್ತಿರವೇ ನಿಂತಿತ್ತು.

ಆಗಸ್ಟ್ 3, ಕಕ್ಕಡ ಹದಿನೆಂಟು. ಆ ದಿನ ನಮ್ಮಲ್ಲಿ ಮದ್ದು ಸೊಪ್ಪಿನ ಪಾಯಸ. ಹದಿನೆಂಟು ಬಗೆಯ ಔಷಧ ಆ ಸೊಪ್ಪಿಗೆ ಅವತ್ತು ಸೇರಿರುತ್ತದೆ ಅಂತ ನಂಬಿಕೆ. ಸೊಪ್ಪು ಬೇಯಿಸಿದ ನೀರು ಕಡು ನೇರಳೆ. ತಿಂದ ಮರುದಿನ ಮೂತ್ರವೂ ಕೆಂಪು. ಹೊಸಬರು ಹೆದರಿ ಡಾಕ್ಟರ ಹತ್ತಿರ ಓಡಿದ್ದೂ ಉಂಟು. ನಾಲಗೆ, ತುಟಿ ಎಲ್ಲ ಬಣ್ಣ ಆದದ್ದನ್ನು ಕನ್ನಡಿಯಲ್ಲಿ ನೋಡಿ ಬಾಯಿಯ ಕಿಟ್ಟನ್ನು ಎರಡು ದಿನ ಮುಂದಕ್ಕೆ ಹಾಕಿದೆ. ಮದ್ದು ಸೊಪ್ಪಿನ ಬಗ್ಗೆ ಕಿಟ್ಟಿನ ಹಾಳೆಯಲ್ಲಿ ಏನೂ ಇರಲಿಲ್ಲ, ಇರುವುದಕ್ಕೆ ಸಾಧ್ಯವೂ ಇಲ್ಲ. ಒಮ್ಮೆ ಸುಟ್ಟುಕೊಂಡವನು ನಾನು, ಅಷ್ಟೆ.

ಆಗಸ್ಟ್ 5, ಹಗಲು. ಅಮ್ಮ ಪಕ್ಕದ ಮನೆಯಲ್ಲಿ ಕಣಿಲೆ (ಎಳೆ ಬಿದಿರು) ಹೆಚ್ಚಲು ಕೂತಿದ್ದರು, ಎರಡು ಗಂಟೆಗೆ ಕಡಿಮೆ ಬರುವವರಲ್ಲ. ಕಿಟಕಿಯ ಪಕ್ಕ ಮೇಜು ಎಳೆದುಕೊಂಡೆ. ಟಾರ್ಚ್ ಬೇಡ. ಈ ಬಗೆಯ ಕಿಟ್ಟಿಗೆ ಮೊದಲು ಹದಿನೈದು ನಿಮಿಷ ಏನೂ ತಿನ್ನಬಾರದು, ಕುಡಿಯಬಾರದು, ಹಲ್ಲುಜ್ಜಿದ್ದರೆ ಅರ್ಧ ಗಂಟೆ ಬಿಡಬೇಕು. ಕೇಳೋಕೆ ಸುಲಭ. ನಮ್ಮಲ್ಲಿ ಬೆಲ್ಲದ ಕಾಫಿ ಇಲ್ಲದೆ ಮಳೆಗಾಲದ ಹದಿನೈದು ನಿಮಿಷ ಕಳೆಯುವುದು ಕಷ್ಟ, ಎಲೆ ಅಡಿಕೆ ಹಾಕುವವರಿಗೆ ಇನ್ನೂ ಕಷ್ಟ. ನಾನು ಒಂದು ಗಂಟೆಯೇ ಬಿಟ್ಟೆ.

ಚೀಲದಲ್ಲಿ ಎರಡು ಭಾಗ. ಒಂದರಲ್ಲಿ ದ್ರವ ಇರುವ ಪುಟ್ಟ ಕೊಳವೆ, ಇನ್ನೊಂದರಲ್ಲಿ ಕಡ್ಡಿ. ಮೊದಲು ಕೊಳವೆ ತೆಗೆದು, ಮುಚ್ಚಳ ಬಿಚ್ಚಿ, ಡಬ್ಬಿಯಲ್ಲೇ ಇದ್ದ ಸ್ಟ್ಯಾಂಡಿಗೆ ಸಿಕ್ಕಿಸಿದೆ. ಆ ದ್ರವ ಚೆಲ್ಲಬಾರದು, ಕುಡಿಯುವಂಥದ್ದೂ ಅಲ್ಲ. ಆಮೇಲೆ ಕಡ್ಡಿಯ ಚೀಲ ಒಡೆದೆ. ಅದರ ತುದಿಯಲ್ಲಿ ಚಪ್ಪಟೆಯಾದ ಮೆತ್ತನೆಯ ಪಟ್ಟಿ ಇರುತ್ತದೆ, ಅದಕ್ಕೆ ಬೆರಳು ತಾಗಿಸಬಾರದು. ಮೇಲಿನ ತುಟಿ ಎತ್ತಿ, ಹಲ್ಲು ಮತ್ತು ತುಟಿಯ ನಡುವೆ ವಸಡಿಗೆ ಒತ್ತಿಕೊಂಡು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಒಂದೇ ಸಲ. ಕಡ್ಡಿ ತಿರುಗಿಸಿ, ಕೆಳಗಿನ ವಸಡಿಗೂ ಒಂದೇ ಸಲ. ನಾಲಗೆಗೆ ಅಲ್ಲ, ಕೆನ್ನೆಯ ಒಳಗೆ ಅಲ್ಲ, ಅಂಗುಳಕ್ಕೆ ಅಲ್ಲ. ಅದಕ್ಕೆ ಬೇಕಾದದ್ದು ಜೊಲ್ಲಲ್ಲ, ವಸಡಿನ ಅಂಚಿನ ಪಸೆ. ಇನ್ನೊಂದು ಸಲ ಸವರಿದರೆ ಗ್ಯಾರಂಟಿ ಆಗುತ್ತದೆ ಅಂತ ಕೈ ಹೋಗುತ್ತಿತ್ತು. ತಡೆದೆ.

ಬಾಯಿಯ ಪಸೆಯಲ್ಲಿ ಪ್ರತಿಕಾಯ ಸಿಕ್ಕರೆ ಎಂಜಲಿನಿಂದ ಎಚ್‌ಐವಿ ಹರಡುತ್ತಾ? ಈ ಅನುಮಾನ ನನಗೂ ಬಂದಿತ್ತು. ಹರಡುವುದಿಲ್ಲ. ನಾಯಿ ಬೊಗಳಿದ್ದು ಕೇಳಿಸಿತು ಅಂದರೆ ಆನೆ ಮನೆಯೊಳಗೆ ಬಂತು ಅಂತಲ್ಲವಲ್ಲ. ಒಂದೇ ಲೋಟ, ಒಂದೇ ತಟ್ಟೆಯಿಂದಲೂ ಹರಡುವುದಿಲ್ಲ.

ಕಡ್ಡಿಯನ್ನು ಕೊಳವೆಯ ತಳ ಮುಟ್ಟುವ ಹಾಗೆ ಇಳಿಸಿದೆ, ಕಿಟಕಿ ನನ್ನ ಕಡೆಗೆ. 12.10. ಇಪ್ಪತ್ತು ನಿಮಿಷದ ಮೊದಲು ಓದಬಾರದು, ನಲವತ್ತು ದಾಟಿದ ಮೇಲೂ ಓದಬಾರದು. ಚೀಟಿಯಲ್ಲಿ "12.30ರಿಂದ 12.50" ಅಂತ ಬರೆದು ಮೇಜಿಗೆ ಅಂಟಿಸಿದೆ. ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ಕೆಳಗಿಂದ ಗುಲಾಬಿ ಬಣ್ಣ ಏರತೊಡಗಿತು. ಎದೆ ಹೊಡೆದುಕೊಂಡಿತು. ಅದು ಗೆರೆಯಲ್ಲ, ಬಣ್ಣದ ದ್ರವ ಮೇಲಕ್ಕೆ ಹತ್ತುವುದು, ಆಮೇಲೆ ತಿಳಿಯಾಗುತ್ತದೆ ಅಂತ ಗೊತ್ತಿತ್ತು. ಗೊತ್ತಿದ್ದರೂ ನೋಡಿಕೊಂಡು ಕೂರುವುದು ಆಗದು. ಎದ್ದು ಹೊರಗೆ ಹೋದೆ. ಅಂಗಳದ ನೀರು ಚರಂಡಿಗೆ ಹೋಗದೆ ನಿಂತಿತ್ತು. ಗುದ್ದಲಿ ತಂದು ಬಿಡಿಸಿದೆ. ಬಂದು ಕೈ ತೊಳೆದಾಗ 12.34.

ಸಿ ಅಕ್ಷರದ ಎದುರು ಒಂದು ಗೆರೆ. ಟಿ ಎದುರು ಬಿಳಿ. ಕಡ್ಡಿ ಮುಟ್ಟದೆ ತಲೆಯನ್ನೇ ಆ ಕಡೆ ಈ ಕಡೆ ಮಾಡಿ ನೋಡಿದೆ. ಬಿಳಿಯೇ. ಫೋಟೊ ತೆಗೆದು ಕಣಕ್ಕೆ ಹೋಗಿ ಗೆಳೆಯನಿಗೆ ಕಳಿಸಿದೆ. ಅವನು ಮೊದಲು ಬರೆದದ್ದು ಶಹಬ್ಬಾಸ್ ಅಂತ ಅಲ್ಲ. "ಎಷ್ಟು ಹೊತ್ತಿಗೆ ತೆಗೆದ ಫೋಟೊ?"

ನನ್ನ ನೆಗೆಟಿವ್ ನಂಬಬಹುದಾದದ್ದು 107ನೇ ದಿನ ಮಾಡಿದ್ದರಿಂದ, ಮತ್ತು ನಡುವೆ ಬೇರೇನೂ ಆಗದೆ ಇದ್ದದ್ದರಿಂದ. ಮತ್ತೊಂದು ವಿಷಯ. ಎಚ್‌ಐವಿ ಮಾತ್ರೆ ಈಗಾಗಲೇ ತೆಗೆದುಕೊಳ್ಳುತ್ತಿರುವವರು ಇದನ್ನು ಮಾಡಿಕೊಂಡು ವಾಸಿಯಾಯಿತಾ ಅಂತ ನೋಡಬಾರದು. ಅವರಿಗೆ ತಪ್ಪಾಗಿ ನೆಗೆಟಿವ್ ತೋರಿಸಬಹುದು. ಪೆಪ್ ತೆಗೆದುಕೊಂಡವರೂ, ಬಾರದಿರಲಿ ಅಂತ ಮೊದಲೇ ಮಾತ್ರೆ ನುಂಗುವವರೂ ಆಸ್ಪತ್ರೆಯಲ್ಲಿ ಕೇಳಿಯೇ ಮಾಡಬೇಕು. ಇದನ್ನು ಇನ್ನೊಬ್ಬರ ಮೇಲೆ ಒತ್ತಾಯದಿಂದ ಪ್ರಯೋಗಿಸುವಂತೆಯೂ ಇಲ್ಲ. ಒಪ್ಪಿಗೆ ಇಲ್ಲದೆ ಯಾರಿಗೂ ಎಚ್‌ಐವಿ ಪರೀಕ್ಷೆ ಮಾಡಬಾರದು ಅಂತ 2017ರ ಕಾನೂನೇ ಇದೆ, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಕೆಲಸಕ್ಕೆ ಬರುವವರನ್ನೆಲ್ಲ ಪರೀಕ್ಷೆ ಮಾಡಿಸಿ ತಗೋಬೇಕು ಅಂತ ಮಾತಾಡುವ ದೊಡ್ಡ ಮನುಷ್ಯರನ್ನು ನಾನು ಕಂಡಿದ್ದೇನೆ. ಅಂಥವರ ಕೈಗೆ ಈ ಡಬ್ಬಿ ಸಿಕ್ಕಿದರೆ ಲೈನ್ ಮನೆಯವರ ಗತಿ ಏನು?

ಇನ್ನು ಕಸದ ವಿಷಯ. ನಮ್ಮ ಮನೆಯಲ್ಲಿ ಕಾಗದ, ರಟ್ಟು ಏನೇ ಇದ್ದರೂ ಬಚ್ಚಲ ಒಲೆಗೆ ಹೋಗುತ್ತದೆ. ಡಬ್ಬಿ, ಹಾಳೆ ಅಲ್ಲಿಗೇ ಹಾಕಿದೆ. ಕಡ್ಡಿ, ಕೊಳವೆ ಮುಚ್ಚಳ ಹಾಕಿ ಎರಡು ಕವರಿನಲ್ಲಿ ಕಟ್ಟಿ ಪಂಚಾಯಿತಿ ಗಾಡಿಗೆ ಕೊಟ್ಟೆ. ಉಳಿದದ್ದು ಮೊದಲ ಕಿಟ್ಟಿನ ಸೂಜಿ. ಒತ್ತಿದ ಮೇಲೆ ಅದು ಒಳಗೆ ಹೋಗಿಬಿಡುತ್ತದೆ, ಆದರೂ ಕಸ ಆರಿಸುವವರ ಕೈ ನೆನಪಾಗಿ ಗಾಡಿಗೆ ಹಾಕಲು ಮನಸ್ಸು ಬರಲಿಲ್ಲ. ಖಾಲಿ ಮಾತ್ರೆ ಬಾಟಲಿಗೆ ಹಾಕಿ ಮುಚ್ಚಳ ಬಿಗಿದು ಇಟ್ಟಿದ್ದೆ.

ಮುಂದಿನ ವಾರ ಮಡಿಕೇರಿಗೆ ಹೋದೆ. ಈ ಕಿಟ್ ಹೇಳುವುದು ಎಚ್‌ಐವಿ ಒಂದನ್ನೇ. ಸಿಫಿಲಿಸ್, ಹೆಪಟೈಟಿಸ್ ಬಿ ಇದಕ್ಕೆ ಗೊತ್ತಾಗುವುದಿಲ್ಲ, ಅದನ್ನೂ ನೋಡಿಸಿಕೋ ಅಂತ ಗೆಳೆಯ ಪೀಡಿಸುತ್ತಿದ್ದ. ಏಪ್ರಿಲಿನಿಂದ ಯಾವ ಬೆಂಚಿಗೆ ಹೆದರಿದ್ದೆನೋ ಆ ಬೆಂಚಿನ ಮೇಲೆ ಕೂತೆ. ಗುರುತಿನವರು ಒಬ್ಬರು ಸಿಕ್ಕಿದರು, ಅವರ ಕಣ್ಣೂ ಸೀದಾ ನೆಲದ ಮೇಲೆ. ಇಬ್ಬರೂ ಮಳೆಯ ಬಗ್ಗೆ ಮಾತಾಡಿದೆವು.

ಒಳಗೆ ಕೂತಿದ್ದ ಮೇಡಂ ಬಾಗಿಲು ಹಾಕಿ ಮಾತಾಡಿದರು. ಎಲ್ಲ ಹೇಳಿದೆ. ಚೀಲ ಮೊದಲೇ ಒಡೆದದ್ದಕ್ಕೆ ಅವರೂ ನಕ್ಕರು.

"ಹೇಗೂ ಬಂದಿದ್ದೀರಲ್ಲ, ಎಚ್‌ಐವಿನೂ ಇನ್ನೊಂದ್ಸಲ ನೋಡಿಬಿಡೋಣ್ವಾ? ನಿಮ್ಮ ಒಪ್ಪಿಗೆ ಇದ್ರೆ."

ಇದೆ ಅಂದೆ. ಅಲ್ಲಿನ ಹುಡುಗ ನನ್ನ ಬೆರಳು ಮುಟ್ಟಿ ನೋಡಿ, "ತಣ್ಣಗಿದೆ ಸರ್, ಸ್ವಲ್ಪ ಉಜ್ಜಿಕೊಳ್ಳಿ" ಅಂದ. ಉಜ್ಜಿಕೊಂಡೆ. ಒಂದೇ ಚುಚ್ಚಿಗೆ ಗುಂಡಗೆ ಹನಿ ಬಂತು. ಎಚ್‌ಐವಿ ಇಲ್ಲ, ಉಳಿದವೂ ಇಲ್ಲ. ಹೊರಡುವಾಗ ಜೇಬಿನಿಂದ ಮಾತ್ರೆ ಬಾಟಲಿ ತೆಗೆದು ಆ ಹುಡುಗನಿಗೆ ಕೊಟ್ಟೆ.

"ಏನಿದು?"

"ಮನೇಲಿ ಚುಚ್ಚಿಕೊಂಡ ಸೂಜಿ. ಎಲ್ಲಿ ಹಾಕೋದು ಗೊತ್ತಾಗ್ಲಿಲ್ಲ."

"ಇದನ್ನ ಮಾದಾಪುರದಿಂದ ಹೊತ್ಕೊಂಡು ಬಂದ್ರಾ?" ಅಂದ. ಮೇಜಿನ ಕೆಳಗಿನ ಬಿಳಿ ಡಬ್ಬಿಗೆ ಬಗ್ಗಿಸಿದ. ಟಕ್ ಅಂತು.

ಮರುದಿನ ಬೆಳಗ್ಗೆ ಆಫೀಸಿಗೆ ಹೋಗಿ ಮಳೆ ಪುಸ್ತಕ ತೆರೆದೆ. ನಾನಿಲ್ಲದ ದಿನದ ಮಳೆಯನ್ನು ಫೀಲ್ಡಿನ ಹುಡುಗ ಬರೆದಿಟ್ಟಿದ್ದ. ಅಕ್ಷರ ದುಂಡಗೆ ಚೆನ್ನಾಗಿತ್ತು. ಪಕ್ಕದಲ್ಲಿ ಪ್ರಾಮಾಣಿಕವಾಗಿ ಹೊತ್ತೂ ಹಾಕಿದ್ದ, 10.30. ಆ ಸಾಲನ್ನು ಹೊಡೆದು ಹಾಕಿದೆ.